ಗರ್ಲ್ ಗೈಡ್ಸ್ ಕಾಲದ ಹಳೇ ಸೂಜಿ ಪುಸ್ತಕ ಸಿಕ್ಕಿದೆ, ತೊಳೀಬಹುದಾ? ಇಂಥವು ನಿಮ್ಮತ್ರಾನೂ ಇದ್ರೆ ಹೇಳಿ

ಮಲ್ಲಿಗೆದಂಡೆ:
ಎಲ್ರಿಗೂ ನಮಸ್ಕಾರ. ನಮ್ಮಮ್ಮ ಬೆಂಗಳೂರು ಕಂಟೋನ್ಮೆಂಟ್ ಕಡೆ ಟೀಚರಾಗಿದ್ದಾಗ ಪಕ್ಕದ್ಮನೇಲಿ ಒಬ್ಬರು ವಯಸ್ಸಾದ ಆಂಗ್ಲೋ ಇಂಡಿಯನ್ ಆಂಟಿ ಇದ್ರಂತೆ, ಅವರು ಮನೆ ಖಾಲಿ ಮಾಡಿ ಹೊರಡುವಾಗ ಒಂದು ತಗಡಿನ ಬಿಸ್ಕೆಟ್ ಡಬ್ಬ ಅಮ್ಮನ ಕೈಗೆ ಕೊಟ್ಟು, ನೀನು ಹೊಲಿಗೆ ಮಾಡ್ತೀಯಲ್ಲ ಇಟ್ಕೋ ಅಂದಿದ್ರಂತೆ. ಅಮ್ಮ ಇಟ್ಕೊಂಡ್ರು, ಅಟ್ಟದ ಮೇಲೆ. ಹೋದ ತಿಂಗಳು ಅಟ್ಟ ಕ್ಲೀನ್ ಮಾಡುವಾಗ ಅದು ನನ್ನ ಕೈಗೆ ಬಂತು.

ಒಳಗೆ ಏನಿದೆ ಅಂದ್ರೆ, ಅಂಗೈ ಅಗಲದ ಒಂದು ಸೂಜಿ ಪುಸ್ತಕ, ಅಂದ್ರೆ ಸೂಜಿ ಚುಚ್ಚಿಡೋಕೆ ಬಟ್ಟೆ ಹಾಳೆ ಇರೋ ಪುಟ್ಟ ಪುಸ್ತಕ, ಕಡು ನೀಲಿ ಫೆಲ್ಟಿಂದು, ಮುಚ್ಚಳದ ಮೇಲೆ ಹಳದಿ ದಾರದಲ್ಲಿ ಮೂರೆಲೆ ಕಸೂತಿ, ಮೂಲೇಲಿ ಐದು ಎಸಳಿನ ಒಂದು ಪುಟ್ಟ ನೀಲಿ ಹೂವು. ಒಳಗೆ ಬಿಳೀ ಫ್ಲಾನೆಲ್‌ನ ನಾಲ್ಕು ಹಾಳೆ, ಈಗ ಬಿಳೀ ಅಲ್ಲ, ಸೂಜಿ ಇದ್ದ ಕಡೆಯೆಲ್ಲ ಕಂದು ಗೆರೆ ಬಿದ್ದಿದೆ. ಜೊತೆಗೆ ಕಪ್ಪು ಕಾಗದದಲ್ಲಿ ಸುತ್ತಿದ ಸೂಜಿ ಪೊಟ್ಟಣ, ಅದರ ಮೇಲೆ ರೆಡ್ಡಿಚ್ (ಸೂಜಿಗೆ ಹೆಸರಾದ ಇಂಗ್ಲೆಂಡಿನ ಊರು) ಅಂತ ಇದೆ. ಅದರ ಕೆಳಗೆ ಮಡಿಚಿಟ್ಟ ಒಂದು ಗೇಣುದ್ದದ ಕಾಟನ್ ಬಟ್ಟೆ ತುಂಡು, ಅದರಲ್ಲಿ ಒಂದು ಗುಂಡಿ ಕಾಜಾ, ಒಂದು ಹುಕ್ಕು, ಒಂದು ತೇಪೆ, ಆಮೇಲೆ ಅರ್ಧಕ್ಕೆ ನಿಂತ ಒಂದು ರಫೂ. ಅರ್ಧಕ್ಕೆ ಅಂದ್ರೆ ನಿಜವಾಗ್ಲೂ ಅರ್ಧಕ್ಕೆ, ಸೂಜಿ ಇನ್ನೂ ಅದರಲ್ಲೇ ಚುಚ್ಚಿಕೊಂಡಿದೆ, ಕಣ್ಣಲ್ಲಿ ದಾರಾನೂ ಇದೆ.

ನನ್ನ ಪ್ರಶ್ನೆ ಎರಡು. ಒಂದು, ಇದು ಗರ್ಲ್ ಗೈಡ್ಸ್‌ದೇನಾ, ಎಷ್ಟು ಹಳೇದಿರಬಹುದು. ಎರಡು, ತುಂಬಾ ಕೊಳೆಯಾಗಿದೆ, ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಶಾಂಪೂ ಹಾಕಿ ಅದ್ದಬಹುದಾ?

ನೂಲೇಣಿ:
ದಯವಿಟ್ಟು ಅದ್ದಬೇಡಿ!! ಮೊದಲು ಇದನ್ನ ಓದಿ ಆಮೇಲೆ ಮಿಕ್ಕಿದ್ದು. ನಾನು ಹಳೇ ಬಟ್ಟೆ ಸಂರಕ್ಷಣೆ ಕೆಲಸದಲ್ಲೇ ಇರೋದು, ಇಂಥ ಸಾಮಾನು ಹಾಳಾಗೋದು ಧೂಳಿಂದ ಅಲ್ಲ, ಪ್ರೀತಿಯಿಂದ ತೊಳೆದು ಹಾಳಾಗೋದೇ ಜಾಸ್ತಿ. ಫೆಲ್ಟ್ ಅಂದ್ರೆ ಉಣ್ಣೆ, ನೆಂದ್ರೆ ಕುಗ್ಗುತ್ತೆ, ಮೇಲಿನ ಹಳದಿ ದಾರ ಹತ್ತಿದು, ಅದು ಅಷ್ಟು ಕುಗ್ಗಲ್ಲ, ಆಗ ಮೂರೆಲೆ ಸುತ್ತ ಬಟ್ಟೆ ಮುದುರಿಕೊಳ್ಳುತ್ತೆ. ಕಡು ನೀಲಿ ಬಣ್ಣ ಹಳದಿಗೆ ಇಳಿದ್ರೆ ಅದನ್ನ ವಾಪಸ್ ತರೋಕೆ ಯಾರ ಕೈಲೂ ಆಗಲ್ಲ.

ತುಕ್ಕಿನ ವಿಷಯ ಇನ್ನೂ ಮುಖ್ಯ. ಆ ಕಂದು ಗೆರೆಗೆ ನೀರು ಸೋಕಿದ್ರೆ ಅದು ಹರಡುತ್ತೆ, ಅಷ್ಟೇ ಅಲ್ಲ ತುಕ್ಕು ಇರೋ ಜಾಗದಲ್ಲಿ ಬಟ್ಟೆಯ ಎಳೆ ಬೇಗ ಪುಡಿಯಾಗುತ್ತೆ. ಹಾಗಾಗಿ ಸಲೀಸಾಗಿ ಹೊರಗೆ ಬರೋ ಸೂಜಿಗಳನ್ನ ತೆಗೆದು ಬೇರೆ ಕಾಗದದಲ್ಲಿ ಸುತ್ತಿಡಿ, ಯಾವ ಹಾಳೆಯಲ್ಲಿ ಎಷ್ಟು ಇತ್ತು ಅಂತ ಪೆನ್ಸಿಲಲ್ಲಿ ಬರೆದುಕೊಳ್ಳಿ, ತೆಗೆಯೋ ಮುಂಚೆ ಫೋಟೋ. ಅಂಟಿಕೊಂಡಿರೋದನ್ನ ಎಳೀಬೇಡಿ, ಹಗೂರಕ್ಕೆ ಬೆರಳಲ್ಲಿ ತಿರುಗಿಸಿ ನೋಡಿ, ತಿರುಗಿದ್ರೆ ಬರುತ್ತೆ, ತಿರುಗದಿದ್ರೆ ಬಿಟ್ಟುಬಿಡಿ. ಆ ಕಾಲದವರು ಸೂಜಿ ಇಡೋಕೆ ಫ್ಲಾನೆಲ್ಲೇ ಯಾಕೆ ಹಾಕ್ತಿದ್ರು ಅಂದ್ರೆ ಉಣ್ಣೆಯಲ್ಲಿ ಸ್ವಲ್ಪ ಜಿಡ್ಡು ಇರುತ್ತೆ, ಸೂಜಿ ಬೇಗ ತುಕ್ಕು ಹಿಡಿಯಲ್ಲ ಅಂತ. ನಮ್ಮ ಅಟ್ಟದ ಮಳೆಗಾಲಕ್ಕೆ ಆ ಜಿಡ್ಡು ಸಾಲಲ್ಲ ಬಿಡಿ.

ಹಳೇಸ್ಕೌಟ್ ತುಮಕೂರು:
ಗೈಡ್ಸ್‌ದೇ, ನಂಗೆ ಅನುಮಾನ ಇಲ್ಲ. ಮೂರೆಲೆ ಅವರ ಗುರುತು, ಟ್ರೆಫಾಯಿಲ್ ಅಂತಾರೆ, ಪ್ರತಿಜ್ಞೆಯ ಮೂರು ಭಾಗಕ್ಕೆ ಮೂರು ಎಲೆ. ಹೂವಿಂದೂ ಅರ್ಥ ಇದೆ. ಗೈಡ್ಸ್‌ನಲ್ಲಿ ಹುಡುಗೀರನ್ನ ಸಣ್ಣ ಸಣ್ಣ ಗುಂಪು, ಅಂದ್ರೆ ಪಟ್ರೋಲ್, ಮಾಡಿ ಒಂದೊಂದು ಪಟ್ರೋಲಿಗೆ ಒಂದು ಹೂವಿನ ಹೆಸರು ಇಡ್ತಿದ್ರು, ಐದು ಎಸಳಿನ ನೀಲಿ ಹೂವು ಅಂದ್ರೆ ಫರ್ಗೆಟ್ ಮಿ ನಾಟ್ ಇರಬೇಕು. ಅಂದ್ರೆ ನಿಮ್ಮ ಆಂಟಿ ಬರೀ ಗೈಡ್ ಅಂತ ಅಲ್ಲ, ತನ್ನ ಪಟ್ರೋಲಿನ ಗುರುತನ್ನೂ ಹಾಕ್ಕೊಂಡಿದ್ದಾರೆ.

ಕಂಟೋನ್ಮೆಂಟ್ ಅಂದಿದ್ದೂ ಸರಿಹೋಗುತ್ತೆ. ಭಾರತದಲ್ಲಿ ಸ್ಕೌಟಿಂಗ್ ಶುರುವಾಗಿದ್ದೇ 1909ರಲ್ಲಿ ನಮ್ಮ ಬೆಂಗಳೂರಲ್ಲಿ. ಹುಡುಗೀರ ಗೈಡ್ ಕಂಪನಿ ಮೊದಲು ಬಂದಿದ್ದು 1911ರಲ್ಲಿ ಜಬಲ್ಪುರದಲ್ಲಿ. ಶುರೂನಲ್ಲಿ ಯುರೋಪಿಯನ್ನರು ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ ಇತ್ತು, ನಮ್ಮ ಹುಡುಗೀರಿಗೆ ಬಾಗಿಲು ತೆಗೆದಿದ್ದು ಆಮೇಲೆ.

ವರ್ಷದ ಬಗ್ಗೆ ಒಂದು ಸುಳಿವು. ನೀಲಿ ಮೇಲೆ ಬಂಗಾರದ ಬಣ್ಣದ ಮೂರೆಲೆ ಅನ್ನೋದು ಗೈಡ್ಸ್ ವಿಶ್ವಧ್ವಜದ ಬಣ್ಣ, ಅದು ಬಂದಿದ್ದು 1930ರಲ್ಲಿ, ನಾರ್ವೆಯ ಕಾರಿ ಔಸ್ ಅನ್ನೋರು ಮಾಡಿದ ಡಿಸೈನು. ಹಾಗಾಗಿ 1930 ಆದ್ಮೇಲಿಂದು ಅಂತ ನನ್ನ ಲೆಕ್ಕ.

ಜಾರ್ಜಿಯಾ ಕನ್ನಡತಿ:
ಬಣ್ಣ ಒಂದನ್ನೇ ನೋಡಿ 1930 ಅನ್ನೋದು ನಂಗೆ ಒಪ್ಪಿಗೆ ಇಲ್ಲ ಸರ್. ಆಗಿನ ಗೈಡ್ಸ್ ಯೂನಿಫಾರ್ಮೇ ಕಡು ನೀಲಿ, ಮೂರೆಲೆ ಬ್ಯಾಡ್ಜ್ ಹಿತ್ತಾಳೆದು, ಅಂದ್ರೆ ನೀಲಿ ಮೇಲೆ ಹಳದಿ ಮೂರೆಲೆಯನ್ನ ಆ ಹುಡುಗಿ ದಿನಾ ತನ್ನ ಎದೆ ಮೇಲೇ ನೋಡ್ತಿದ್ಲು, ಅದನ್ನ ಹೊಲಿಯೋಕೆ ಧ್ವಜ ಬರೋವರೆಗೂ ಕಾಯಬೇಕಾಗಿಲ್ಲ.

ನಾನಿರೋದು ಅಮೆರಿಕದ ಜಾರ್ಜಿಯಾದಲ್ಲಿ, ಇಲ್ಲಿಂದ ನಾಲ್ಕು ಗಂಟೆ ಡ್ರೈವ್ ಮಾಡಿದ್ರೆ ಸವಾನಾ ಊರು. ಅಮೆರಿಕದ ಗರ್ಲ್ ಸ್ಕೌಟ್ಸ್ ಹುಟ್ಟಿದ್ದು ಅಲ್ಲೇ, ಮಾರ್ಚ್ 12, 1912, ಜೂಲಿಯೆಟ್ ಗಾರ್ಡನ್ ಲೋ ಅನ್ನೋ ಹೆಂಗಸು 18 ಹುಡುಗೀರನ್ನ ಸೇರಿಸಿ ಶುರು ಮಾಡಿದ್ದು. ಮೊದಲು ಗರ್ಲ್ ಗೈಡ್ಸ್ ಅಂತಲೇ ಹೆಸರು, ಮಾರನೇ ವರ್ಷ ಗರ್ಲ್ ಸ್ಕೌಟ್ಸ್ ಆಯ್ತು. ನನ್ನ ಮಗಳು ಸ್ಕೌಟ್ ಸೇರಿದ ಮೇಲೆ ನಂಗೆ ಈ ಹಳೇ ಹೊಲಿಗೆ ಸಾಮಾನಿನ ಗೀಳು ಹತ್ತಿದ್ದು, ಎಸ್ಟೇಟ್ ಸೇಲ್ ಎಲ್ಲಿದ್ರೂ ಹೋಗಿ ಹುಡುಕ್ತೀನಿ.

ನಿಮ್ಮ ಬಟ್ಟೆ ತುಂಡಿನ ಬಗ್ಗೆ ಓದಿ ನಂಗೆ ಮೈ ಜುಂ ಅಂತು. ಇಲ್ಲಿನ 1913ರ ಕೈಪಿಡಿಯಲ್ಲಿ ನೀಡಲ್‌ವುಮನ್ ಬ್ಯಾಡ್ಜ್ ಅಂತ ಒಂದಿದೆ. ಅದಕ್ಕೆ ಏನೇನು ಬೇಕಿತ್ತು ಅಂದ್ರೆ, ಬಟ್ಟೆ ಕತ್ತರಿಸಿ ಅಳತೆಗೆ ಕೂರಿಸೋಕೆ ಬರಬೇಕು, ಕೈಯಲ್ಲೂ ಮಿಷನ್‌ನಲ್ಲೂ ಹೊಲಿಯೋಕೆ ಬರಬೇಕು, ನಿಟಿಂಗೋ ಕಸೂತಿಯೋ ಕ್ರೋಶಾನೋ ಒಂದು ಗೊತ್ತಿರಬೇಕು, ತಾನೇ ಕತ್ತರಿಸಿದ ಎರಡು ಉಡುಪು ತಂದು ತೋರಿಸಬೇಕು, ಹುಕ್ಕು ಗುಂಡಿ ಹಾಕಬೇಕು, ಕಾಜಾ ಮಾಡಬೇಕು, ರಫೂ ಮತ್ತೆ ತೇಪೆ ಚೆನ್ನಾಗಿರೋದನ್ನ ತೋರಿಸಬೇಕು. ಆ ಕೈಪಿಡಿ ಇಂಗ್ಲೆಂಡಿನ ಗೈಡ್ಸ್ ಪುಸ್ತಕದ ಮೇಲೇ ನಿಂತಿದ್ದು. ಈಗ ನಿಮ್ಮ ತುಂಡು ನೋಡಿ, ಕಾಜಾ, ಹುಕ್ಕು, ತೇಪೆ, ರಫೂ. ಇದು ಸುಮ್ನೆ ಕೂತು ಹೊಲಿದದ್ದಲ್ಲ ಕಣ್ರೀ, ಪರೀಕ್ಷೆಗೆ ತಯಾರಿ ಮಾಡ್ತಿದ್ದ ತುಂಡು!

ಮಲ್ಲಿಗೆದಂಡೆ:
ಅಯ್ಯೋ ದೇವರೇ. ನಾನು ಅದನ್ನ ಬಟ್ಟೆ ವೇಸ್ಟು ಅಂತ ಬಿಸಾಕೋಳಿದ್ದೆ, ಸೂಜಿ ಪುಸ್ತಕ ಮಾತ್ರ ಇಟ್ಕೊಂಡ್ರೆ ಸಾಕು ಅಂತ.

ಜಾರ್ಜಿಯಾ ಕನ್ನಡತಿ:
ಅದೇ ಎಲ್ಲಾ ಕಡೆ ಆಗೋದು. ಚಂದ ಇರೋದು ಉಳಿಯುತ್ತೆ, ಕೆಲಸದ್ದು ಹೋಗುತ್ತೆ. ಗೈಡ್ಸ್‌ಗಿಂತ ಚಿಕ್ಕ ಮಕ್ಕಳಿಗೆ ಅಂತ 1914ರಲ್ಲಿ ಇಂಗ್ಲೆಂಡಲ್ಲಿ ರೋಸ್‌ಬಡ್ಸ್ ಅಂತ ಶುರು ಮಾಡಿದ್ರು, ಆ ಹೆಸರು ಮಕ್ಕಳಿಗೆ ಹಿಡಿಸಲಿಲ್ಲ ಅಂತ ಬ್ರೌನೀಸ್ ಅಂತ ಬದಲಾಯಿಸಿದ್ರು, ಆ ಪುಟಾಣಿಗಳ ಪರೀಕ್ಷೆಯಲ್ಲೂ ಹೊಲಿಗೆ ಇತ್ತು, ಧೂಳು ಒರೆಸೋ ಬಟ್ಟೆಗೆ ಅಂಚು ಹೊಲಿಯೋದು ಅಂಥವು. ಆ ಬಟ್ಟೆ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಧೂಳು ಒರೆಸಿ ಒರೆಸಿ ಹರಿದು ಹೋಗಿರುತ್ತೆ, ಹೊಲಿದಿದ್ದೇ ಅದಕ್ಕಲ್ವಾ.

ನನ್ನತ್ರ ಇರೋದರಲ್ಲಿ ನಂಗೆ ತುಂಬಾ ಇಷ್ಟ ಒಂದು ಖಾಕಿ ತೋಳು. ಬರೀ ತೋಳು, ಅಂಗಿ ಇಲ್ಲ. ಇಲ್ಲಿ ಮೊದಲ ಯೂನಿಫಾರ್ಮ್ ನೀಲಿ, 1914ರಿಂದ ಖಾಕಿ, 1928ರಲ್ಲಿ ಬೂದು ಮಿಶ್ರಿತ ಹಸಿರು ಬಂತು. ಖಾಕಿ ಕಾಲದಲ್ಲಿ ಬ್ಯಾಡ್ಜ್ ಅಂದ್ರೆ ಚೌಕದ ಖಾಕಿ ಬಟ್ಟೆ ಮೇಲೆ ಕಸೂತಿ, ಹುಡುಗಿ ಅದನ್ನ ಅಂಚು ಮಡಿಚಿ ತೋಳಿಗೆ ಹೊಲ್ಕೋಬೇಕು. ಈ ತೋಳಲ್ಲಿ ಐದು ಬ್ಯಾಡ್ಜ್ ಇದೆ. ಮೊದಲನೇದರ ಹೊಲಿಗೆ ಕಾಗೆ ಕಾಲು ಗುಬ್ಬಿ ಕಾಲು, ಒಂದು ಮೂಲೆ ಸಿಕ್ಕಿಲ್ಲ ಅಂತ ಎರಡು ಸಲ ಹೊಲಿದಿದ್ದಾಳೆ, ಕೊನೇದರ ಹೊಲಿಗೆ ಹುಡುಕಿದ್ರೂ ಕಾಣಲ್ಲ ಅಷ್ಟು ಸಣ್ಣದು. ಒಬ್ಬಳು ಹುಡುಗಿ ದೊಡ್ಡವಳಾಗಿದ್ದು ಒಂದು ಗೇಣಲ್ಲಿ ಕಾಣುತ್ತೆ. ಆರನೇ ಚೌಕ ಇದ್ದ ಜಾಗದಲ್ಲಿ ಬಟ್ಟೆ ಬಣ್ಣ ಕಡು ಆಗೇ ಇದೆ, ಸುತ್ತ ಬಿಸಿಲಿಗೆ ಮಾಸಿದೆ, ಯಾರೋ ಆ ಒಂದು ಬ್ಯಾಡ್ಜ್ ಬಿಚ್ಚಿ ಮಾರಿದ್ದಾರೆ.

ಇದು ನಂಗೆ ನಿಜವಾಗ್ಲೂ ಹೊಟ್ಟೆ ಉರಿಸೋ ವಿಷಯ. ಇಡೀ ಅಂಗಿಗಿಂತ ಬ್ಯಾಡ್ಜ್ ಬಿಡಿಬಿಡಿಯಾಗಿ ಜಾಸ್ತಿ ದುಡ್ಡಿಗೆ ಹೋಗುತ್ತೆ ಅಂತ ಕತ್ತರಿಸಿ ಮಾರ್ತಾರೆ. ಬಿಡಿ ಬ್ಯಾಡ್ಜ್ ಅಂದ್ರೆ ಫ್ಯಾಕ್ಟರಿಯ ಕಸೂತಿ ಅಷ್ಟೇ, ಹುಡುಗಿ ಹಾಕಿದ ಹೊಲಿಗೆ ಕಸದ ಬುಟ್ಟಿಗೆ. ಯಾರಾದ್ರೂ ಕೊಳ್ಳೋರಿದ್ರೆ ಕತ್ತರಿಸಿದ್ದನ್ನ ದಯವಿಟ್ಟು ಕೊಳ್ಳಬೇಡಿ.

ಕೌದಿಮನೆ ಧಾರವಾಡ:
ನಂದೊಂದು ಬೇರೆ ಮಾತೈತ್ರಿ. ಹುಡುಗೀರನ್ನ ಮನೀ ಹೊರಗ ಕರಕೊಂಡು ಬಂದು ಕ್ಯಾಂಪು, ಗಂಟು ಹಾಕೂದು, ಗುಡ್ಡ ಹತ್ತೂದು ಅಂತ ಕಲಿಸಿದ ಸಂಸ್ಥಾ ಇದು ಅಂತ ನಾ ತಿಳಕೊಂಡಿದ್ದೆ. ಅಲ್ಲೂ ಮತ್ತ ಸೂಜಿ ದಾರಾನ ಕೈಯಾಗ ಕೊಟ್ರ? ನಮ್ಮವ್ವ ಕೌದಿ ಹೊಲಿತಿದ್ಲು, ನಾನೂ ಹೊಲಿತೀನಿ, ಹೊಲಿಗಿ ಮ್ಯಾಲೆ ನಂಗ ಪ್ರೀತಿ ಐತಿ, ಆದ್ರ ಹೆಣ್ಣಮಕ್ಕಳು ಅಂದ ಕೂಡ್ಲೆ ಸೂಜಿ ಅನ್ನೂದು ನಂಗ ಸರಿ ಕಾಣಂಗಿಲ್ಲ.

ಹಳೇಸ್ಕೌಟ್ ತುಮಕೂರು:
ಒಳ್ಳೆ ಪ್ರಶ್ನೆ ಅಕ್ಕಾ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಲ್ಲಿ ಸ್ಕೌಟ್ ರ‍್ಯಾಲಿಗೆ ಕರೀದೇನೇ ಹುಡುಗೀರು ಬಂದು ನಿಂತ್ರು, ನಾವೂ ಸ್ಕೌಟೇ ಅಂತ. ಊರೆಲ್ಲ ಬೈದ್ರು, ಹುಡುಗೀರು ಗಂಡುಬೀರಿ ಆಗ್ತಾರೆ ಅಂತ ಪೇಪರಲ್ಲಿ ಬರೆದ್ರು. 1910ರಲ್ಲಿ ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ತನ್ನ ತಂಗಿ ಆಗ್ನೆಸ್ ಕೈಗೆ ಗೈಡ್ಸ್ ಜವಾಬ್ದಾರಿ ಕೊಟ್ರು. ಮಕ್ಕಳನ್ನ ಕಳಿಸೋಕೆ ಹೆದರ್ತಿದ್ದ ಅಪ್ಪ ಅಮ್ಮಂದಿರಿಗೆ ನರ್ಸಿಂಗು, ಅಡುಗೆ, ಹೊಲಿಗೆ ಅಂದ್ರೆ ಸ್ವಲ್ಪ ಧೈರ್ಯ. ಹೊಲಿಗೆ ಹೆಸರಲ್ಲಿ ಮನೆಯಿಂದ ಹೊರಟ ಹುಡುಗಿ ಸಂಜೆ ಸಿಗ್ನಲಿಂಗೂ ಕಲಿತು ಬರ್ತಿದ್ಲು.

ಜಾರ್ಜಿಯಾ ಕನ್ನಡತಿ:
ಹೌದು, ನಾನು ಹೇಳಿದ ಅದೇ 1913ರ ಪಟ್ಟಿಯಲ್ಲಿ ಎಲೆಕ್ಟ್ರಿಷಿಯನ್ ಬ್ಯಾಡ್ಜ್ ಇದೆ, ವಿಮಾನದ ಬಗ್ಗೆ ಒಂದಿದೆ, ಬಂದೂಕಿನ ಗುರಿಗೂ ಒಂದಿದೆ. ನನ್ನ ಖಾಕಿ ತೋಳಿನ ಹುಡುಗಿ ಯಾವ ಬ್ಯಾಡ್ಜ್ ಗೆದ್ರೂ ಕೊನೆಗೆ ಅದನ್ನ ತಾನೇ ಹೊಲ್ಕೋಬೇಕಿತ್ತು, ಎಲ್ಲದಕ್ಕೂ ಸೂಜಿ ಬೇಕಿತ್ತು. ಆದ್ರೂ ಅಕ್ಕ ಕೇಳಿದ್ದರಲ್ಲಿ ಸತ್ಯ ಇದೆ, ಅದೇ ಕಾಲದ ಹುಡುಗರಿಗೆ ಎರಡು ಉಡುಪು ಕತ್ತರಿಸಿ ತಾ ಅಂತ ಯಾರೂ ಹೇಳಲಿಲ್ಲ.

ಲೀಡ್ಸ್ ಲೋಕಪಾಲಿ:
ತಡವಾಗಿ ಬಂದೆ, ಆದ್ರೆ ಕೌದಿಮನೆ ಅಕ್ಕನ ಪ್ರಶ್ನೆಗೆ ನಾನು ಹೇಳಲೇಬೇಕಾದ್ದು ಒಂದಿದೆ, ಸ್ವಲ್ಪ ಉದ್ದ ಆಗುತ್ತೆ ಕ್ಷಮಿಸಿ.

ಮೊದಲು ಚಿಕ್ಕದು. ಇಲ್ಲಿ ಇಂಗ್ಲೆಂಡಿನ ಕಾರ್ ಬೂಟ್ ಸೇಲಲ್ಲಿ, ಅಂದ್ರೆ ಹಳೇ ಸಾಮಾನಿನ ಸಂತೇಲಿ, ಹಸಿಫ್ ಅಂತ ಸಿಗುತ್ತೆ, ಹೌಸ್‌ವೈಫ್ ಅನ್ನೋ ಮಾತೇ ಬಾಯಲ್ಲಿ ಸವೆದು ಹಸಿಫ್ ಆಗಿರೋದು. ಸೈನಿಕರು ಬ್ಯಾಗಲ್ಲಿ ಇಟ್ಕೊಳ್ತಿದ್ದ ಹೊಲಿಗೆ ಸುರುಳಿ, ಬಟ್ಟೆಯ ಪುಟ್ಟ ಪುಟ್ಟ ಜೇಬು, ಸುತ್ತಿ ಲಾಡಿ ಕಟ್ಟೋದು. ಗೈಡ್ಸ್ ಕ್ಯಾಂಪಿಗೂ ಅದನ್ನೇ ಒಯ್ತಿದ್ರು. ನಮ್ಮ ಅಜ್ಜಿಯ ಎಲೆ ಅಡಿಕೆ ಸಂಚಿ ನೋಡಿದವರಿಗೆ ಬೇಗ ಅರ್ಥ ಆಗುತ್ತೆ.

ಈಗ ದೊಡ್ಡದು. ಫೆಬ್ರವರಿ 15, 1942, ಸಿಂಗಾಪುರ ಜಪಾನಿನ ಕೈಗೆ ಹೋಯ್ತು. ಮಾರ್ಚಲ್ಲಿ ಅಲ್ಲಿದ್ದ ಬಿಳಿಯರ ಹೆಂಗಸರು ಮಕ್ಕಳನ್ನ ಮೈಲಿಗಟ್ಟಲೆ ನಡೆಸಿ ಚಾಂಗಿ ಜೈಲಿಗೆ ಹಾಕಿದ್ರು. 600 ಕೈದಿಗಳಿಗೆ ಅಂತ ಕಟ್ಟಿದ ಜೈಲು, ತುಂಬಿದ್ದು ಅದರ ಎಷ್ಟೋ ಪಟ್ಟು ಜನ, ಗಂಡಸರು ಒಂದು ಕಡೆ, ಹೆಂಗಸರು ಮಕ್ಕಳು ಇನ್ನೊಂದು ಕಡೆ. ಅಲ್ಲಿ ಎಲಿಜಬೆತ್ ಎನ್ನಿಸ್ ಅಂತ ಒಬ್ಬ ನರ್ಸ್, ಇಂಡಿಯನ್ ಆರ್ಮಿ ಜೊತೆ ಮಲಯಾಕ್ಕೆ ಬಂದವರು, ಗಂಡ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಡಾಕ್ಟರ್, ಊರು ಬೀಳೋಕೆ ನಾಲ್ಕೈದು ದಿನ ಇರುವಾಗ ಮದುವೆ ಆಗಿದ್ದು. ಆಕೆ ಜೈಲಿನ ಅಂಗಳದ ಒಂದು ಮೂಲೇಲಿ ಗೈಡ್ ಕಂಪನಿ ಶುರು ಮಾಡಿದ್ರು. ಎಂಟರಿಂದ ಹದಿನಾರು ವರ್ಷದ ಸುಮಾರು 20 ಹುಡುಗೀರು.

ಆ ಮಕ್ಕಳು ಆಕೆಯ ಹುಟ್ಟುಹಬ್ಬಕ್ಕೆ ಗುಟ್ಟಾಗಿ ಒಂದು ಕ್ವಿಲ್ಟ್, ಅಂದ್ರೆ ತುಂಡು ಬಟ್ಟೆ ಜೋಡಿಸಿದ ಹೊದಿಕೆ, ಮಾಡೋಕೆ ಶುರು ಮಾಡಿದ್ರು. ಸಿಕ್ಕ ಸಿಕ್ಕ ಬಟ್ಟೆ ಚೂರನ್ನ ಆರು ಮೂಲೆಗೆ ಕತ್ತರಿಸಿ, ನಡುವೆ ಒಂದು ಸುತ್ತ ಆರು ಜೋಡಿಸಿದ್ರೆ ಒಂದು ಹೂವು. ದಾರ ಎಲ್ಲಿಂದ? ಹಳೇ ಫ್ರಾಕ್ ಬಿಚ್ಚಿ ಎಳೆ ಎಳೆ ತೆಗೆದಿದ್ದು. ಕಾವಲಿನವರು ಬಂದ್ರೆ ಮುಚ್ಚಿಡಬೇಕು, ಎನ್ನಿಸ್ ಅವರಿಗೂ ಗೊತ್ತಾಗಬಾರದು. ನಡುವಿನ ಚೂರಲ್ಲಿ ಹುಡುಗೀರು ತಮ್ಮ ಹೆಸರು ಹೊಲಿದ್ರು. ಅದು ಈಗ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹದಲ್ಲಿದೆ.

ಇದನ್ನ ನೋಡಿಯೇ ಎಥೆಲ್ ಮುಲ್ವಾನಿ ಅನ್ನೋ ಕೆನಡಾದ ಹೆಂಗಸಿಗೆ ಉಪಾಯ ಹೊಳೀತು ಅಂತಾರೆ. ಜೈಲಿನ ಹೆಂಗಸರಿಗೆಲ್ಲ ಒಂದೊಂದು ಚೌಕ ಬಟ್ಟೆ ಕೊಟ್ಟು ನಿಮ್ಮದೇನಾದ್ರೂ ಅದರಲ್ಲಿ ಹೊಲೀರಿ ಅಂದ್ರು. ತಲಾ 66 ಚೌಕದ ಮೂರು ಕ್ವಿಲ್ಟ್ ಆಯ್ತು. ಗಾಯಾಳುಗಳ ಆಸ್ಪತ್ರೆಗೆ ಅಂತ ಹೇಳಿ ಹೊರಗೆ ಕಳಿಸಿದ್ದು, ಜಪಾನಿನ ಗಾಯಾಳುಗಳಿಗೂ ಒಂದು ಮಾಡಿದ್ರು ಅನುಮತಿ ಸಿಗಲಿ ಅಂತ. ಹೆಸರು ಓದಿದ ಗಂಡಂದಿರಿಗೆ ತಮ್ಮವರು ಬದುಕಿದ್ದಾರೆ ಅಂತ ಗೊತ್ತಾಯ್ತು. ಕಾಗದ ಬರೆಯೋ ಹಾಗಿರಲಿಲ್ಲ, ಹೊಲಿಗೇನೇ ಕಾಗದ ಆಯ್ತು.

ಅಕ್ಕಾ, ಸೂಜಿ ಯಾಕೆ ಕೊಟ್ರು ಅನ್ನೋ ಪ್ರಶ್ನೆ ಸರಿಯೇ. ಆದ್ರೆ ಕೈಗೆ ಬಂದ ಸೂಜೀಲಿ ಆ ಮಕ್ಕಳು ಏನು ಮಾಡಿದ್ರು ಅನ್ನೋದೂ ಲೆಕ್ಕಕ್ಕೆ ಬರಬೇಕು ಅಂತ ನನ್ನ ಮನಸ್ಸಿಗೆ.

ಕೌದಿಮನೆ ಧಾರವಾಡ:
ಓದಿ ಸುಮ್ನ ಕುಂತೆ ಒಂದಷ್ಟ ಹೊತ್ತು. ಹಳೇ ಸೀರಿ, ಅಂಗಿ ಚೂರು, ಬಿಚ್ಚಿದ ದಾರ, ಇದು ಕೌದಿನ ಅಲ್ರಿ ಮತ್ತ. ನಮ್ಮ ಕೌದ್ಯಾಗ ಚೂರು ಒಂದರ ಮ್ಯಾಲೊಂದು ಹಾಸಿ ಸುತ್ತ ಗುಂಡು ಹೊಲಿಗಿ ಹಾಕ್ಕೋತ ನಡುವಿಗೆ ಬರ್ತೀವಿ, ಅಳತಿ ತಪ್ಪಿದ್ರ ಮುಂದಿನ ಸಾಲಿನಾಗ ಸರಿ ಮಾಡಬಹುದು. ಆರು ಮೂಲಿ ಚೂರು ಹಂಗಲ್ಲ, ಒಂದು ಎಳಿ ಅಳತಿ ತಪ್ಪಿದ್ರ ಹೂವು ಕೂಡಂಗಿಲ್ಲ, ಉಬ್ಬತೈತಿ. ಎಂಟು ವರ್ಷದ ಹುಡುಗಿ ಹಸಿದ ಹೊಟ್ಟಿಲೆ ಅದನ್ನ ಕೂಡಿಸ್ಯಾಳ ಅಂದ್ರ ಅದು ಸಣ್ಣ ಕೆಲಸ ಅಲ್ಲ. ನನ್ನ ಪ್ರಶ್ನಿ ಇನ್ನೂ ಹಂಗ ಐತಿ, ಆದ್ರ ಆ ಹುಡುಗೀರ ಕೈಗೆ ನಂದೊಂದು ನಮಸ್ಕಾರ.

ನೂಲೇಣಿ:
ಲೀಡ್ಸ್ ಅವರು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಾನು ಮತ್ತೆ ಕೆಲಸದ ಮಾತಿಗೆ ಬರ್ತೀನಿ, ಯಾಕಂದ್ರೆ ಈ ಮಾತು ಓದಿದೋರು ಆನ್‌ಲೈನಲ್ಲಿ ಕೊಳ್ಳೋಕೆ ಹೋಗಬಹುದು. ಹಳೇದು ಅಂತ ಹೊಸದನ್ನ ಮಾರೋರು ಇದ್ದಾರೆ. ಕತ್ತಲೇಲಿ ಯುವಿ ಟಾರ್ಚ್ ಹಾಕಿ ನೋಡಿ, ಬಟ್ಟೆ ಅಥವಾ ದಾರ ನೀಲಿ ಬಿಳುಪಾಗಿ ಹೊಳೆದ್ರೆ ಅದರಲ್ಲಿ ಬಿಳುಪು ಕೊಡೋ ಕೆಮಿಕಲ್ ಇದೆ, 1920ರ ಬಟ್ಟೆಗೆ ಅದು ಹುಟ್ಟಿನಿಂದ ಬಂದಿರಲ್ಲ. ಆದ್ರೆ ಹೊಳೆದ ತಕ್ಷಣ ನಕಲಿ ಅನ್ನಬೇಡಿ, ಇವತ್ತಿನ ಸೋಪ್ ಪುಡಿಯಲ್ಲಿ ಒಂದು ಸಲ ತೊಳೆದ ಹಳೇ ಬಟ್ಟೇನೂ ಹೊಳೆಯುತ್ತೆ. ಹಾಗಾಗಿ ಮಡಿಕೆಯ ಒಳಗೆ, ತೇಪೆಯ ಅಡಿಯಲ್ಲಿ ನೋಡಬೇಕು. ಬ್ಯಾಡ್ಜಿನ ಸುತ್ತ ದಪ್ಪ ಹಗ್ಗದ ಥರ ಓವರ್‌ಲಾಕ್ ಅಂಚು, ಹಿಂದೆ ಪ್ಲಾಸ್ಟಿಕ್ ಪದರ ಇದ್ರೆ ಅದು ತೀರಾ ಈಚಿನದು.

ಇಡೋದು ಹೇಗೆ ಅಂದ್ರೆ ಪ್ಲಾಸ್ಟಿಕ್ ಕವರ್ ಬೇಡ, ಬೆವರುತ್ತೆ. ಚೆನ್ನಾಗಿ ಒಗೆದು ಗಂಜಿ ಹೋದ ಹಳೇ ಬಿಳೀ ಪಂಚೆ ಸಾಕು, ಅದರಲ್ಲಿ ಸುತ್ತಿ ರಟ್ಟಿನ ಡಬ್ಬದಲ್ಲಿ. ತಗಡಿನ ಡಬ್ಬಾನೂ ಇಟ್ಕೊಳ್ಳಿ ಆದ್ರೆ ಪಕ್ಕಕ್ಕೆ, ಒಳಗೆ ತುಕ್ಕು ಇರುತ್ತೆ. ನುಸಿಗುಳಿಗೆ ಬಟ್ಟೆಗೆ ತಾಗಬಾರದು. ಫೆಲ್ಟಲ್ಲಿ ಸಣ್ಣ ತೂತು, ಮರಳಿನಂಥ ಪುಡಿ ಕಂಡ್ರೆ ಉಣ್ಣೆ ಹುಳ ಇದೆ ಅಂತ, ಆಗ ಕಾಗದದಲ್ಲಿ ಸುತ್ತಿ ಗಾಳಿಯಾಡದ ಕವರಲ್ಲಿ ಬಿಗಿಯಾಗಿ ಕಟ್ಟಿ ಡೀಪ್ ಫ್ರೀಜರಲ್ಲಿ ಎರಡು ವಾರ ಇಡಿ, ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ, ಇಲ್ಲಾಂದ್ರೆ ನೀರು ಕೂರುತ್ತೆ.

ಲೀಡ್ಸ್ ಲೋಕಪಾಲಿ:
ರೇಷ್ಮೆ ಇದ್ರೆ ಇನ್ನೂ ಹುಷಾರು ಅಂತ ಸೇರಿಸಿ. ಆ ಕಾಲದ ರೇಷ್ಮೆಗೆ ತೂಕ ಬರಲಿ ಅಂತ ತವರದ ಉಪ್ಪು ಹಾಕ್ತಿದ್ರು, ಅದು ಈಗ ಮಡಿಚಿದ ಕಡೆ ಒಣಗಿದ ಎಲೆ ಥರ ಸೀಳುತ್ತೆ. ನನ್ನ ಹಸಿಫಿನ ಒಳಗಿನ ಲೈನಿಂಗ್ ಹಾಗೇ ಹೋಯ್ತು. ಗೊತ್ತಿಲ್ಲದೆ ಒಂದು ಡ್ರೈಕ್ಲೀನಿಂಗ್ ಅಂಗಡಿಗೆ ಕೊಟ್ಟಿದ್ದೆ, ವಾಪಸ್ ಬಂದಾಗ ಲಾಡಿ ಮತ್ತೆ ಮೇಲಿನ ಬಟ್ಟೆ ಮಾತ್ರ ಇತ್ತು, ಒಳಗೆ ಒಬ್ಬಳು ಪೆನ್ಸಿಲಲ್ಲಿ ತನ್ನ ಹೆಸರು ಬರೆದಿದ್ಲು ಅದೂ ಹೋಯ್ತು. ಫೋಟೋನೂ ತೆಗೆದಿರಲಿಲ್ಲ. ಮೂರು ವರ್ಷ ಆಯ್ತು, ಇನ್ನೂ ಆ ಸಂಕಟ ಹೋಗಿಲ್ಲ.

ಮಲ್ಲಿಗೆದಂಡೆ:
ಎಲ್ಲಾ ಓದಿ ನಿನ್ನೆ ಭಾನುವಾರ ಅಮ್ಮನ್ನ ಪಕ್ಕ ಕೂರಿಸಿಕೊಂಡು ಕೆಲಸ ಮಾಡಿದೆ. ಫ್ಲಾನೆಲ್‌ನಲ್ಲಿ ಹನ್ನೊಂದು ಸೂಜಿ ಇತ್ತು, ಒಂಬತ್ತು ತಿರುಗಿಸಿದಾಗ ಬಂತು, ಎರಡು ಬಿಟ್ಟಿದ್ದೀನಿ. ಹುಳ ಇಲ್ಲ. ತೇಪೆ ಅಡಿ ಟಾರ್ಚ್ ಹಾಕಿದೆ, ಹೊಳೆಯಲಿಲ್ಲ, ಮೇಲೂ ಹೊಳೆಯಲಿಲ್ಲ, ಅಂದ್ರೆ ಈಗಿನ ಸೋಪು ಅದಕ್ಕೆ ಸೋಕೇ ಇಲ್ಲ. ತೇಪೆ ತಿರುಗಿಸಿ ನೋಡಿದ್ರೆ ಹಿಂದೆ ಕೆಂಪು ದಾರದಲ್ಲಿ ಎರಡು ಅಕ್ಷರ, ಅಮ್ಮ ನೋಡಿದ ಕೂಡ್ಲೆ ಅಂದ್ರು ಇದು ಆಂಟಿ ಹೆಸರಿಂದಲ್ಲ, ಅವರ ಅಮ್ಮನ ಹೆಸರಿಂದು ಅಂತ. ಅಂದ್ರೆ ಒಂದು ತಲೆಮಾರು ಹಿಂದಕ್ಕೆ ಹೋಯ್ತು. ಹಳೇಸ್ಕೌಟ್ ಸರ್, ನಿಮ್ಮ 1930 ಮತ್ತೆ ನೋಡಬೇಕಾಗುತ್ತೆ.

ರಫೂ ತುಂಡಿನ ಸೂಜಿ ಬಗ್ಗೆ ಮಾತ್ರ ನೂಲೇಣಿ ಅವರನ್ನ ಮತ್ತೆ ಕೇಳ್ತಿದ್ದೀನಿ. ಅದು ಸ್ವಲ್ಪ ತಿರುಗುತ್ತೆ, ತೆಗೀಬಹುದು ಅನ್ಸುತ್ತೆ. ಆದ್ರೆ ತೆಗೆದ್ರೆ ಆ ಹೊಲಿಗೆ ಅಲ್ಲಿ ನಿಂತಿದ್ದು ಗೊತ್ತಾಗಲ್ಲ. ಅಮ್ಮ ಬೇಡವೇ ಬೇಡ ಅಂತಿದ್ದಾರೆ.

ನೂಲೇಣಿ:
ನಿಯಮದ ಪ್ರಕಾರ ತೆಗೀರಿ ಅನ್ನಬೇಕು. ಇದರಲ್ಲಿ ನಾನು ಅಮ್ಮನ ಕಡೆ. ಸೂಜಿ ಬಟ್ಟೆಗೆ ತಾಗೋ ಕಡೆ ಮೇಲೆ ಕೆಳಗೆ ತೆಳು ಟಿಶ್ಯೂ ಕಾಗದದ ಪಟ್ಟಿ ತೂರಿಸಿ, ಮಡಿಚದೆ ಚಪ್ಪಟೆಯಾಗಿ ಇಡಿ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ತಿಂಗಳಿಗೊಂದು ಸಲ ನೋಡ್ತಾ ಇರಿ. ತುಕ್ಕು ಜಾಸ್ತಿ ಆದ್ರೆ ಇಲ್ಲಿ ಫೋಟೋ ಹಾಕಿ, ಆಗ ಯೋಚನೆ ಮಾಡೋಣ.

ಮಲ್ಲಿಗೆದಂಡೆ:
ಹಾಗೇ ಇಟ್ಟೆ. ಅಮ್ಮ ತಮ್ಮ ಹಳೇ ಸೀರೆ ಕೊಡಲ್ಲ, ಅಪ್ಪನ ಪಂಚೆ ತಗೋ ಅಂತ ಅವರೇ ಹರಿದು ಕೊಟ್ರು. ಡಬ್ಬದ ಮೇಲೆ ಪೆನ್ಸಿಲಲ್ಲಿ ಆಂಟಿ ಹೆಸರು, ಅವರ ಅಮ್ಮನ ಎರಡು ಅಕ್ಷರ, ಕಂಟೋನ್ಮೆಂಟ್ ಅಂತ ಬರೆದಿದ್ದೀನಿ. ಫೋಟೋ ಸಂಜೆ ಹಾಕ್ತೀನಿ, ರಫೂ ಹತ್ತಿರದಿಂದ ತೆಗೆದಿದ್ದು ಇದೆ, ಒಂದು ಎಳೆ ಮೇಲೆ ಒಂದು ಎಳೆ ಕೆಳಗೆ ಅಂತ ಹದಿನಾಲ್ಕು ಸಾಲು ಎಣಿಸಿದೆ, ಹದಿನೈದನೇ ಸಾಲಲ್ಲಿ ಸೂಜಿ ಇದೆ.